ಅಳತೆಯಿಲ್ಲದ ಗಂಗಾಳ

ಭದ್ರಾವತಿಯಲ್ಲಿ ನನ್ನನ್ನು ಕಂಡವರು ಇವತ್ತಿಗೂ ಕೇಳುವುದು ಒಂದೇ ಪ್ರಶ್ನೆ. "ಜರ್ಮನಿಯಲ್ಲಿ ಏನೇನು ನೋಡಿದ್ರಿ, ಮೇಸ್ತ್ರಿಗಳೇ?" ನಾನು ಅಲ್ಲಿನ ಹಿಮ, ಕುಲುಮೆಗಳ ಎತ್ತರ, ಇಷ್ಟುದ್ದದ ಗಾಜಿನ ಅಂಗಡಿಗಳು ಎಂದೆಲ್ಲ ಹೇಳಿ ಅವರನ್ನು ಖುಷಿಪಡಿಸಿ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ, ಅಷ್ಟು ದೂರ ಹೋಗಿ ನಾನು ಸರಿಯಾಗಿ ನೋಡಿದ್ದು ಇಲ್ಲಿಂದಲೇ ನನ್ನ ಪೆಟ್ಟಿಗೆಯಲ್ಲಿ ಬಂದಿದ್ದ ಒಂದು ಹಿತ್ತಾಳೆ ಚೊಂಬನ್ನು. ವಯಸ್ಸಾಯಿತು. ಇನ್ನು ಹಿಮದ ಕಥೆ ಸಾಕು, ಚೊಂಬಿನ ಕಥೆ ಹೇಳಿಬಿಡುತ್ತೇನೆ.

ನನ್ನ ಹೆಸರು ಸಾಮುವೇಲಪ್ಪ. ಶಿವಮೊಗ್ಗದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗಕ್ಕೆ ಸೇರಿದೆ, ಅಲ್ಲೇ ಮೇಸ್ತ್ರಿಯಾದೆ. ಮರಳಿನಲ್ಲಿ ಅಚ್ಚು ಕೂಡಿಸಿ ಕರಗಿದ ಲೋಹ ಹುಯ್ಯುವುದು ನನ್ನ ಕಸುಬು. ನಮ್ಮ ತಾತ ನವುಲೆ ಕಡೆಯ ಶೈವ ಮನೆತನದವರು. ಕ್ರಿಸ್ತನನ್ನು ನಂಬಿ, ಜಮೀನು, ದಾಯಾದಿಗಳು, ಹಬ್ಬ ಎಲ್ಲವನ್ನೂ ಬಿಟ್ಟು ಉಟ್ಟ ಬಟ್ಟೆಯಲ್ಲಿ ಹೊರಬಂದವರು. ಆದರೆ ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಮನೆಯಲ್ಲಿ ಕುಡಿಯಬಾರದು ಎಂಬುದು ಮಾತ್ರ ಅವರ ಹಿಂದೆಯೇ ನಡೆದುಬಂದು ನಮ್ಮ ಮನೆಯಲ್ಲೂ ಉಳಿದುಕೊಂಡಿತು. ಗೋಡೆಯ ಮೇಲೆ ಶಿಲುಬೆ ಬಂತು. ಚೊಂಬಿನ ಮಡಿ ಹೋಗಲಿಲ್ಲ.

ಭದ್ರಾವತಿ ಸ್ಟೇಷನ್

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ, ಹೊಸ ರೀತಿಯ ಎರಕ ಕಲಿತು ಬರಲೆಂದು ಕಾರ್ಖಾನೆಯವರು ಇಬ್ಬರನ್ನು ಜರ್ಮನಿಗೆ ಕಳಿಸಿದರು. ಒಬ್ಬ ನಾನು. ಇನ್ನೊಬ್ಬ ನಕ್ಷೆ ವಿಭಾಗದ ರುದ್ರಪ್ಪ. ಶಿವಮೊಗ್ಗದ ಕೋಟೆಯವನು, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಎಲೆಅಡಿಕೆ, ಇಂಗ್ಲಿಷು ಚೆನ್ನಾಗಿ ಬಲ್ಲವನು. ನನ್ನ ಇಂಗ್ಲಿಷು ಓದಿದರೆ ಅರ್ಥವಾಗುವಷ್ಟು, ಮಾತಾಡಿದರೆ ಯಾರಿಗೂ ಅರ್ಥವಾಗದಷ್ಟು.

ಬೀರೂರಿಗೆ ಹೋಗುವ ರೈಲಿನ ಹತ್ತಿರ ನಮ್ಮ ಕ್ರೈಸ್ತ ಸಭೆಯವರು ಹಾರ ಹಿಡಿದು ಬಂದಿದ್ದರು. ಎಲ್ಲರಿಗಿಂತ ಹಿಂದೆ ರಾಹೇಲಮ್ಮ ನಿಂತಿದ್ದರು. ಸೇಲಂ ಕಡೆಯವರು; ಗಂಡ ಕಾರ್ಖಾನೆಯ ಕೂಲಿಗೆಂದು ಬಂದು ಇಲ್ಲೇ ತೀರಿಕೊಂಡ ಮೇಲೆ ನ್ಯೂ ಟೌನಿನ ಮನೆಗಳ ಪಾಯಿಖಾನೆ ತೊಳೆದು ಜೀವನ ಮಾಡುತ್ತಿದ್ದರು. ಈಗ 'ಅವರು' ಎಂದು ಬರೆಯುತ್ತಿದ್ದೇನೆ. ಆಗ ಅವರನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ, ನನಗಿಂತ ದೊಡ್ಡವರಾದರೂ.

ಅವರು ಹಾರ ತಂದಿರಲಿಲ್ಲ. ಕಿಟಕಿಯ ಹತ್ತಿರ ಬಂದು ಹೇಳಿದರು: "ಐಯಾ, ನೀವು ಕಡಲು ದಾಟಿ ತಿರುಗಿ ಬರೋವರೆಗೂ ದಿನಾ ದೇವಾಲಯಕ್ಕೆ ಹೋಗ್ತೀನಿ. ಗಂಗಾಳದಾಗೆ ನನ್ನ ಚೊಂಬು ಮುಟ್ಟಿ ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ."

"ಆಯ್ತು, ಆಯ್ತು. ಆಚೆ ನಿಲ್ಲು, ರೈಲು ಬಿಡುತ್ತೆ" ಎಂದೆ. ರೈಲು ಇನ್ನೂ ಸೀಟಿ ಹಾಕಿರಲಿಲ್ಲ.

"ಯಾವ ಚೊಂಬು ಮಾರಾಯ?" ರುದ್ರಪ್ಪ ಕೇಳಿದ.

"ಏನಿಲ್ಲ ಬಿಡು."

ಏನಿತ್ತು ಎಂದರೆ, ಅದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಸಭೆ ಹೊಸ ದೇವಾಲಯ ಕಟ್ಟಿತ್ತು. ಕೂಸುಗಳ ತಲೆಗೆ ನೀರು ಹಾಕುವ ದೀಕ್ಷಾಸ್ನಾನಕ್ಕೆ ಒಂದು ದೊಡ್ಡ ಪಾತ್ರೆ ಬೇಕಾಗಿತ್ತು. ಒಂದು ಭಾನುವಾರ ನಮ್ಮ ಪಾದ್ರಿಗಳು ಬೈಬಲಿನ ವಿಮೋಚನಕಾಂಡ ತೆರೆದು ಓದಿದರು. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರಿಗೆ ಒಂದು ಗುಡಾರ ಕಟ್ಟಿದಾಗ, ಯಾಜಕರು ಕೈಕಾಲು ತೊಳೆಯುವ ತಾಮ್ರದ ಗಂಗಾಳವನ್ನು ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಕನ್ನಡಿಗಳಿಂದ ಮಾಡಿದರಂತೆ. ಆಗ ಕನ್ನಡಿ ಎಂದರೆ ಉಜ್ಜಿ ಹೊಳಪು ಮಾಡಿದ ಲೋಹ. "ನಮ್ಮ ಹೆಂಗಸರೂ ಒಂದೊಂದು ಪಾತ್ರೆ ಕೊಡಲಿ, ಸಾಮುವೇಲಪ್ಪ ಎರಕ ಹುಯ್ಯಲಿ" ಎಂದರು. ನಾನು ಅಳತೆ ಕೇಳಿದೆ. ಅಳತೆಯಿಲ್ಲದೆ ಯಾವ ಮೇಸ್ತ್ರಿ ಅಚ್ಚು ಮಾಡುತ್ತಾನೆ? ಪಾದ್ರಿಗಳು ನಕ್ಕು, "ಕೊಟ್ಟ ಹಿತ್ತಾಳೆಗೆ ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು" ಎಂದರು. ತಟ್ಟೆ, ತಂಬಿಗೆ, ದೀಪದ ಕಾಲು, ಒಡೆದ ಕೊಳಗ ಎಲ್ಲ ಬಂದವು. ರಾಹೇಲಮ್ಮ ಒಂದು ಚೊಂಬು ಕೊಟ್ಟರು.

ಅರಬ್ಬೀ ಸಮುದ್ರ

ಮುಂಬಯಿಯಿಂದ ಇಟಲಿಯ ಹಡಗು. ನಮ್ಮದು ಎಲ್ಲಕ್ಕಿಂತ ಕೆಳಗಿನ ಅಂತಸ್ತು. ಯಂತ್ರದ ಸದ್ದು ದಿಂಬಿನೊಳಗಿಂದಲೇ ಬರುತ್ತಿತ್ತು. ಕಡಲು ಸ್ವಲ್ಪ ಎದ್ದ ದಿನವೇ ರುದ್ರಪ್ಪನ ತಾಯಿ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿ ಜಾಡಿ ಮೇಲಿನ ಹಲಗೆಯಿಂದ ಉರುಳಿ ಚೂರಾಯಿತು. ಕೆಂಪು ರಸ ಕೋಣೆಯ ತುಂಬ ಹರಿಯಿತು. ಹಡಗಿನ ಕೆಲಸದವನು ಬಾಗಿಲು ತೆರೆದವನೇ ಮೂಗು ಹಿಡಿದು, ನೆಲ ನೋಡಿ ಬಿಳಿಚಿಕೊಂಡು, ಶಿಲುಬೆಯ ಗುರುತು ಮಾಡಿಕೊಂಡು ಡಾಕ್ಟರನ್ನು ಕರೆಯಲು ಓಡಿದ.

"ಯಾರೋ ಸತ್ರು ಅಂದ್ಕೊಂಡ, ಪಾಪ" ಎಂದ ರುದ್ರಪ್ಪ, ಮೊಣಕಾಲೂರಿ ಮಿಡಿಗಳನ್ನು ಆರಿಸುತ್ತ. "ಸತ್ತಿದ್ದು ನನ್ನ ಆರು ತಿಂಗಳ ಊಟ. ಸಾಮಪ್ಪ, ನೀರು ಹಾಕು ಮಾರಾಯ, ಕಣ್ಣು ಉರೀತಿದೆ."

ನನ್ನ ಪೆಟ್ಟಿಗೆಯ ತಳದಲ್ಲಿ ಹೆಂಡತಿ ಶಾಂತಮ್ಮ ಒಂದು ಚೊಂಬು ಇಟ್ಟಿದ್ದಳು. ಆ ದೇಶದಲ್ಲಿ ಪಾಯಿಖಾನೆಗೆ ನೀರಿನ ಪಾತ್ರೆಯೇ ಇರುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಟವೆಲು ಬಿಚ್ಚಿದೆ. ಹೊಟ್ಟೆಯ ಒಂದು ಪಕ್ಕ ನೆಗ್ಗಿದ, ಕತ್ತಿನ ಕೆಳಗೆ ಉಳಿಯಿಂದ ಚುಕ್ಕಿ ಹೊಡೆದು ತಮಿಳು ಅಕ್ಷರದಲ್ಲಿ ಹೆಸರು ಬರೆಸಿದ ಚೊಂಬು. ಆ ಅಕ್ಷರ ನನಗೆ ಓದಲು ಬರುವುದಿಲ್ಲ. ಆದರೆ ನೋಡಿದೊಡನೆ ಗುರುತು ಸಿಕ್ಕಿತು. ಅದು ರಾಹೇಲಮ್ಮನ ಚೊಂಬು.

ಎರಕದ ದಿನ ನಾನು ಅದನ್ನು ಲೋಹ ಕರಗಿಸುವ ಮೂಸೆಗೆ ಹಾಕಿರಲಿಲ್ಲ. ಯಾರೂ ಹಾಕಬೇಡ ಎಂದಿರಲಿಲ್ಲ. ಪಾದ್ರಿಗಳಾಗಲಿ ಸಭಾಹಿರಿಯರಾಗಲಿ ಒಂದು ಮಾತೂ ಆಡಿರಲಿಲ್ಲ. ಹಳೇ ಪೇಟೆಯ ಕಂಚುಗಾರರ ಕುಲುಮೆಯ ಮುಂದೆ ನಾನೊಬ್ಬನೇ ಕೂತು ಒಂದೊಂದೇ ಪಾತ್ರೆ ಒಡೆದು ಹಾಕುತ್ತಿದ್ದೆ. ಈ ಚೊಂಬು ಕೈಗೆ ಬಂದಾಗ ಅದು ಎಲ್ಲೆಲ್ಲಿ ಇಟ್ಟ ಚೊಂಬೋ ಅನ್ನಿಸಿತು. ನಾಳೆ ನನ್ನ ಮೊಮ್ಮಗುವಿನ ತಲೆಗೆ ಇದರ ನೀರೇ ಅಲ್ಲವೇ ಅನ್ನಿಸಿತು. 'ಕಲಾಯಿ ಜಾಸ್ತಿ ಇದೆ, ಲೋಹ ಕೆಡುತ್ತದೆ' ಎಂದು ನನಗೆ ನಾನೇ ಹೇಳಿಕೊಂಡು ಪಕ್ಕಕ್ಕಿಟ್ಟೆ. ಉಳಿದವರ ಪಾತ್ರೆಗಳಿಗೂ ಅಷ್ಟೇ ಕಲಾಯಿ ಇತ್ತು. ಆಮೇಲೆ ಗೋಣಿಯಲ್ಲಿ ಸುತ್ತಿ ನಮ್ಮ ಅಟ್ಟದ ಮೇಲೆ ಎಸೆದೆ.

ಗಂಗಾಳ ದೇವಾಲಯಕ್ಕೆ ಬಂದ ಭಾನುವಾರ ರಾಹೇಲಮ್ಮ ಅದರ ಸುತ್ತ ಒಂದು ಸುತ್ತು ಬಂದು ಕೇಳಿದರು: "ಐಯಾ, ನಂದು ಎಲ್ಲೈತೆ?"

ಕರಗಿದ ಮೇಲೆ ಎಲ್ಲಿದೆ ಎಂದು ತೋರಿಸಲು ಆಗುವುದಿಲ್ಲ ಎಂದಾದರೂ ಹೇಳಬಹುದಿತ್ತು. ಪಕ್ಕದವರು ನೋಡುತ್ತಿದ್ದರು. ನಾನು ತಮಾಷೆಗೆ ಅಂಚಿನ ಮೇಲೆ ಬೆರಳಿಟ್ಟು, "ಇಲ್ಲೇ ಇದೆ ನೋಡು, ನಿನ್ನ ಚೊಂಬು" ಎಂದೆ. ಎಲ್ಲರೂ ನಕ್ಕರು. ರಾಹೇಲಮ್ಮ ನಗಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಅದೇ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು. ಅವರ ಬೆರಳು ತಾಗಿ ತಾಗಿ ಅಂಚಿನ ಆ ಒಂದು ಕಡೆ ಮಾತ್ರ ಬೇರೆ ಎಲ್ಲಕ್ಕಿಂತ ಹೆಚ್ಚು ಹೊಳೆಯತೊಡಗಿತ್ತು.

"ತಮಿಳು ಚೊಂಬು ಎಲ್ಲಿಂದ ಹೊಡೆದೆ ಸಾಮಪ್ಪ?" ರುದ್ರಪ್ಪ ನಗುತ್ತ ನೀರಿಗೆ ಕೈ ಚಾಚಿದ. ನಾನು ಸುರಿದೆ. ಏಡನ್ನಿನವರೆಗೂ ಕೋಣೆಯಲ್ಲಿ ಉಪ್ಪಿನಕಾಯಿ ವಾಸನೆ ಹೋಗಲಿಲ್ಲ. ಚೊಂಬಿನ ಕಡೆಗೆ ನಾನು ಬೆನ್ನು ಹಾಕಿ ಮಲಗಿದೆ.

ಹಿಲ್ಡೆ ಅಮ್ಮನ ಮನೆ

ಜಿನೋವಾದಲ್ಲಿ ಇಳಿದು, ಹಿಮದ ಬೆಟ್ಟಗಳ ಹೊಟ್ಟೆಯೊಳಗೆ ಹೋಗುವ ರೈಲು ಹಿಡಿದು, ದಕ್ಷಿಣ ಜರ್ಮನಿಯ ಒಂದು ಸಣ್ಣ ಊರು ಸೇರಿದೆವು. ಎರಕದ ಮನೆಯ ವಾಸನೆ ಮಾತ್ರ ನಮ್ಮದೇ. ಸುಟ್ಟ ಮರಳಿಗೆ ದೇಶಭಾಷೆ ಇಲ್ಲ.

ನಮಗೆ ಕೋಣೆ ಕೊಟ್ಟಾಕೆ ಹಿಲ್ಡೆ ಎಂಬ ವಿಧವೆ. ನಾವು 'ಹಿಲ್ಡೆ ಅಮ್ಮ' ಎಂದೆವು. ಆಕೆಗೂ ಅದೇ ರೂಢಿಯಾಯಿತು. ಯುದ್ಧ ಮುಗಿಯುವಾಗ ಪೂರ್ವದ ಕಡೆಯಿಂದ ಓಡಿಬಂದ ನಿರಾಶ್ರಿತೆ. ಬಂದು ಅಷ್ಟು ವರ್ಷವಾಗಿದ್ದರೂ ಊರಿನವರು ಅವರನ್ನು 'ಆ ಕಡೆಯವಳು' ಎಂದೇ ಕರೆಯುತ್ತಿದ್ದರು. ಅವರಿಗೆ ಇಂಗ್ಲಿಷು ಅಷ್ಟಿಷ್ಟು. ಉಳಿದದ್ದಕ್ಕೆ ಕೈ ಇತ್ತು.

ಆ ಜನರ ಅಭ್ಯಾಸಗಳು ವಿಚಿತ್ರ. ಸ್ನಾನ ಶನಿವಾರ ಮಾತ್ರ. ರುದ್ರಪ್ಪ ದಿನಾ ಬೆಳಿಗ್ಗೆ ಮಿಂದು ಲಿಂಗಪೂಜೆ ಮಾಡಲು ಹೊರಟಾಗ, ಅವನಿಗೆ ಏನೋ ಚರ್ಮದ ಕಾಯಿಲೆ ಎಂದು ಹಿಲ್ಡೆ ಅಮ್ಮ ಮುಲಾಮು ತಂದುಕೊಟ್ಟರು. ಊಟದ ಮೇಜಿನಲ್ಲಿ ಸದ್ದಾಗುವಂತೆ ಸಾರು ಹೀರಿದರೆ ತಪ್ಪು. ಅದೇ ಮೇಜಿನಲ್ಲಿ ಕೊಂಬು ಊದಿದ ಹಾಗೆ ಮೂಗು ಸೀಟಿಕೊಂಡರೆ ತಪ್ಪಲ್ಲ.

ಒಂದು ಸಂಜೆ ಕೆಲಸದಿಂದ ಬಂದರೆ ನನ್ನ ಕೋಣೆಯ ಬಾಗಿಲ ಹಿಡಿಗೆ ಒಂದು ಮರದ ಹಲಗೆ ನೇತುಹಾಕಿತ್ತು. ಮೇಲೆ ಏನೋ ಬರಹ. ನನಗೆ ಸ್ವಾಗತದ ಹಲಗೆ ಇರಬೇಕೆಂದು ಅದನ್ನು ಮಂಚದ ಮೇಲೆ ಗೋಡೆಗೆ ತೂಗುಹಾಕಿದೆ. ಮರುದಿನ ಹಿಲ್ಡೆ ಅಮ್ಮ ಬಂದು ಅದನ್ನು ನೋಡಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಆಮೇಲೆ ಪೊರಕೆ ಕೊಟ್ಟರು.

ರುದ್ರಪ್ಪ ಬಿಡಿಸಿ ಹೇಳಿದ. ಆ ಸೀಮೆಯಲ್ಲಿ ಒಂದೊಂದು ವಾರ ಒಂದೊಂದು ಮನೆಯವರು ಸರದಿಯ ಮೇಲೆ ಮೆಟ್ಟಿಲು, ಬಾಗಿಲ ಮುಂದಿನ ಬೀದಿ, ಎಲ್ಲರೂ ಬಳಸುವ ಪಾಯಿಖಾನೆ ತೊಳೆಯಬೇಕು. ಹಲಗೆ ಯಾರ ಬಾಗಿಲಿಗೆ ಬಂತೋ ಆ ವಾರ ಅವರದ್ದು. ಮುಗಿದ ಮೇಲೆ ಮುಂದಿನ ಬಾಗಿಲಿಗೆ ಹಾಕಬೇಕು. ಮೇಲಿನ ಅಂತಸ್ತಿನ ಶಾಲೆಯ ಮೇಷ್ಟ್ರೂ ಹಿಂದಿನ ವಾರ ತೋಳು ಮಡಚಿ ತೊಳೆದಿದ್ದರು.

"ಇದಕ್ಕೆ ಅಂತ ಜನ ಇಲ್ವಾ?" ಎಂದೆ.

ರುದ್ರಪ್ಪ ಕೇಳಿ ಹೇಳಿದ: "ಇದಾರಂತೆ. ಈ ವಾರ ನೀನಂತೆ."

"ನೀನೇ ಮಾಡಿಬಿಡೋ."

"ಹಲಗೆ ನಿನ್ನ ಬಾಗಿಲಿಗೆ ಬಂದಿದೆ ಮಾರಾಯ. ನಂದು ಮುಂದಿನ ವಾರ. ನಾನೇನು ಕುಣೀತಿದೀನಾ?"

ನಾನು ಸುಮ್ಮನೆ ನಿಂತಿದ್ದನ್ನು ನೋಡಿ, ಗೊತ್ತಿಲ್ಲದೆ ನಿಂತಿದ್ದಾನೆಂದು ಹಿಲ್ಡೆ ಅಮ್ಮ ತಾವೇ ಮೊಣಕಾಲೂರಿ ಹೇಗೆ ಉಜ್ಜಬೇಕೆಂದು ತೋರಿಸಿ, ಎದ್ದು, ಕುಂಚ ನನ್ನ ಕೈಗೆ ಕೊಟ್ಟು ಹೋದರು. ನೀರು ಹುಯ್ಯಲು ನನ್ನ ಹತ್ತಿರ ಇದ್ದ ಪಾತ್ರೆ ಒಂದೇ. ಐವತ್ತು ದಾಟಿದ ಮೇಲೆ, ಮೊದಲ ಸಲ, ನಾನು ಪಾಯಿಖಾನೆ ತೊಳೆದೆ. ಮೂಗಿಗೆ ಟವೆಲು ಕಟ್ಟಿಕೊಂಡೆ. ಬೆನ್ನು ಹಿಡಿದುಕೊಂಡಿತು. ರಾಹೇಲಮ್ಮ ಇದನ್ನು ಬೆಳಕು ಹರಿಯುವ ಮೊದಲು ಶುರುಮಾಡಿ ಎಷ್ಟು ಮನೆ ಮುಗಿಸುತ್ತಾರೆ ಎಂದು ಅಲ್ಲಿಯವರೆಗೆ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಮುಗಿಸಿ ಕೈ ತೊಳೆದಾಗ ಆ ಚೊಂಬನ್ನೂ ಬೂದಿ ಹಾಕಿ ಉಜ್ಜಿದೆ. ಚುಕ್ಕಿ ಅಕ್ಷರಗಳು ಹೊಳೆದವು.

ಮಾರನೆಯ ದಿನ ಊಟದ ಮೇಜಿನ ನಡುವೆ ಅದೇ ಚೊಂಬಿನಲ್ಲಿ ಹಳದಿ ಹೂ! ಹಿಲ್ಡೆ ಅಮ್ಮ ಅದನ್ನು ನೋಡಿ ಮೆಚ್ಚಿ, ಬಿಸಿನೀರಲ್ಲಿ ತೊಳೆದು ಅಲಂಕಾರಕ್ಕೆ ಇಟ್ಟಿದ್ದರು. ರುದ್ರಪ್ಪ ನನ್ನ ಮುಖ ನೋಡಿ ಸಾರು ನೆತ್ತಿಗೇರಿಸಿಕೊಂಡ.

ಗುಡಾರ

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಆ ಊರಿನ ಪಾದ್ರಿಗಳು ದೇವಾಲಯದ ಹಿಂದಿನ ಸಭಾಂಗಣದಲ್ಲಿ ಇಸ್ರಾಯೇಲ್ಯರ ಆ ದೇವದರ್ಶನದ ಗುಡಾರವನ್ನು ಮಾದರಿಯಾಗಿ ಕಟ್ಟಿದ್ದರು. ಯುದ್ಧದಲ್ಲಿ ಉಳಿದ ಸೈನ್ಯದ ಡೇರೆಬಟ್ಟೆಯೇ ಅದರ ಗೋಡೆ. ಹಿಲ್ಡೆ ಅಮ್ಮ ನಮ್ಮನ್ನು ಕರೆದುಕೊಂಡು ಹೋದರು. ಪಾದ್ರಿಗಳು ಕಂದೀಲು ಹಿಡಿದು ಇಂಗ್ಲಿಷಿನಲ್ಲಿ ಹೇಳುತ್ತ ಮುಂದೆ ನಡೆದರು. ರುದ್ರಪ್ಪ ಕನ್ನಡ ಮಾಡುತ್ತ ಹಿಂದೆ.

ಅಷ್ಟು ದೊಡ್ಡ ಅಂಗಳಕ್ಕೆ ಪೂರ್ವದಲ್ಲಿ ಒಂದೇ ಬಾಗಿಲು. "ನಾನೇ ಬಾಗಿಲು ಎಂದ ಕ್ರಿಸ್ತ ಒಬ್ಬನೇ, ಅದಕ್ಕೆ" ಎಂದರು ಪಾದ್ರಿಗಳು. ಒಳಗೆ ಕಾಲಿಟ್ಟೊಡನೆ ಯಜ್ಞವೇದಿ. ಜಾಲಿಮರದ ಚೌಕಟ್ಟು, ಮೇಲೆ ತಾಮ್ರದ ತಗಡು. ದಿನವೂ ಅಲ್ಲಿ ಕುರಿಮರಿ ಉರಿಯುತ್ತಿತ್ತು. ಕೊನೆಗೆ ಶಿಲುಬೆಯ ಮೇಲೆ ಒಬ್ಬನೇ ಎಲ್ಲರಿಗಾಗಿ ಬಲಿಯಾದ.

"ಮರಕ್ಕೆ ತಗಡು ಹೊದಿಸಿ ಬೆಂಕಿ ಹಾಕ್ತಾರಂತೆ. ನಿಮ್ಮ ಕುಲುಮೆಯಲ್ಲಿ ನಡೆಯುತ್ತಾ ಸಾಮಪ್ಪ?"

"ಬೆಳಗಾಗೋದ್ರಲ್ಲಿ ಇದ್ದಿಲು."

ಅವನು ಅದನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟ! ಪಾದ್ರಿಗಳು ಕೋಪಿಸಿಕೊಳ್ಳಲಿಲ್ಲ. "ಸರಿಯಾಗಿ ಹೇಳಿದಿರಿ. ಮನುಷ್ಯನ ಮೈ ಆ ಜಾಲಿಯ ಹಾಗೆ, ತಾನಾಗಿ ಆ ಬೆಂಕಿಯಲ್ಲಿ ಉಳಿಯುವುದಿಲ್ಲ" ಎಂದರು.

ನಾನು ವೇದಿ ದಾಟಿ ನೇರವಾಗಿ ಗುಡಾರದ ಬಾಗಿಲಿಗೆ ಹೊರಟೆ. ಅವರು ತಡೆದರು. ನಡುವೆ ಒಂದು ಗಂಗಾಳ ಇತ್ತು. ಅಗಲ ಬಾಯಿಯ ಒಂದು ಬೋಗುಣಿಯ ತಳದಲ್ಲಿ ಕನ್ನಡಿ ಇಟ್ಟು ನೀರು ತುಂಬಿದ್ದರು.

"ವೇದಿ ದಾಟಿ ಬಂದವನೂ ಇಲ್ಲಿ ಕೈ ತೊಳೆಯದೆ ಒಳಗೆ ಹೋಗುವಂತಿಲ್ಲ. ಬಲಿ ಒಂದು ಸಲ. ತೊಳೆಯುವುದು ದಿನಾ. ದೇವರ ವಾಕ್ಯ ಈ ಗಂಗಾಳದ ಹಾಗೆ: ಮೊದಲು ಕನ್ನಡಿಯಾಗಿ ಕೊಳೆ ತೋರಿಸುತ್ತದೆ, ಆಮೇಲೆ ನೀರಾಗಿ ತೊಳೆಯುತ್ತದೆ. ತೋರಿಸಿ ಬಿಟ್ಟುಬಿಡುವುದಿಲ್ಲ."

ಬಗ್ಗಿ ನೋಡಿದೆ. ಕಂದೀಲಿನ ಬೆಳಕಿನಲ್ಲಿ, ನೀರಿನ ಕೆಳಗೆ ನನ್ನ ಮುಖ ಅಲುಗುತ್ತಿತ್ತು.

"ಇನ್ನೊಂದು ವಿಷಯ" ಎಂದರು ಪಾದ್ರಿಗಳು. "ಒಳಗಿನ ಪವಿತ್ರ ಪೆಟ್ಟಿಗೆಯಾದ ಮಂಜೂಷಕ್ಕೆ ಮೊಳದ ಲೆಕ್ಕ ಇದೆ. ಮೇಜಿಗೆ ಇದೆ, ವೇದಿಗಳಿಗೆ ಇದೆ. ದೀಪಸ್ತಂಭಕ್ಕೆ ಕೂಡ ಇಷ್ಟು ಬಂಗಾರ ಎಂಬ ತೂಕ ಇದೆ. ಗಂಗಾಳಕ್ಕೆ ಮಾತ್ರ ಅಳತೆಯೂ ಇಲ್ಲ, ತೂಕವೂ ಇಲ್ಲ. ತೊಳೆಯುವ ಕೃಪೆಗೆ ಮಿತಿ ಇಲ್ಲವೆಂದು ನಮ್ಮ ಹಿರಿಯರು ಇದನ್ನು ಅರ್ಥಮಾಡಿದರು."

ನನಗೆ ನಮ್ಮ ಪಾದ್ರಿಗಳ ಮಾತು ನೆನಪಾಯಿತು. ಕೊಟ್ಟ ಹಿತ್ತಾಳೆಗೆ ಎಷ್ಟು ದೊಡ್ಡದಾಗುತ್ತೋ ಅಷ್ಟು. ದೇವರು ಅಳತೆ ಹಾಕದೆ ಬಿಟ್ಟದ್ದಕ್ಕೆ ನಾನು ಅಳತೆ ಹಾಕಿದ್ದೆ. ಒಂದು ಚೊಂಬಿನಷ್ಟು ಚಿಕ್ಕದು ಮಾಡಿದ್ದೆ.

ಗುಡಾರದೊಳಗೆ ಎಡಕ್ಕೆ ಏಳು ದೀಪದ ಸ್ತಂಭ. ಅದು ಲೋಕಕ್ಕೆ ಬೆಳಕಾದವನ ಗುರುತು. ಬಲಕ್ಕೆ ಮೇಜಿನ ಮೇಲೆ ಹನ್ನೆರಡು ರೊಟ್ಟಿ. ಜೀವದ ರೊಟ್ಟಿಯಾದವನ ಗುರುತು. ಆ ರೊಟ್ಟಿಗಳನ್ನು ಹಿಲ್ಡೆ ಅಮ್ಮನೇ ಸುಟ್ಟಿದ್ದರು. ಒಂದರ ತಳ ಹೊತ್ತಿದ್ದನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿಟ್ಟರು. ನಡುವೆ ಧೂಪವೇದಿ, ನಮಗಾಗಿ ಎಡೆಬಿಡದೆ ಬೇಡುವವನ ಪ್ರಾರ್ಥನೆ. ಅದರ ಮೇಲೆ ಹೊಗೆಯಾಡುತ್ತಿದ್ದುದು ರುದ್ರಪ್ಪ ಕೊಟ್ಟ ಶಿವಮೊಗ್ಗದ ಊದುಬತ್ತಿ. "ಕೋಟೆ ಗುಡಿಗೆ ಬಂದ ಹಾಗೇ ಆಯ್ತಲ್ಲ ಮಾರಾಯ" ಎಂದು ಅವನು ಪಿಸುಗುಟ್ಟಿದ.

ಕೊನೆಗೆ ನೀಲಿ, ಕೆಂಪು ನೂಲಿನ ತೆರೆ. ಅದನ್ನು ಪಾದ್ರಿಗಳು ಮೇಲಿನಿಂದ ಕೆಳಗಿನವರೆಗೆ ಸೀಳಿ ಬಿಟ್ಟಿದ್ದರು. "ಆ ತೆರೆ ಕ್ರಿಸ್ತನ ದೇಹ. ಅದು ಹರಿದದ್ದರಿಂದ ಒಳಗೆ ಹೋಗುವ ದಾರಿಯಾಯಿತು. ಯಾರು ಬೇಕಾದರೂ ಹೋಗಬಹುದು." ಒಳಗೆ ಒಡಂಬಡಿಕೆಯ ಮಂಜೂಷ. ಅದೂ ಜಾಲಿಮರವೇ, ಹೊರಗೆ ಒಳಗೆ ಬಂಗಾರ. ನಮ್ಮ ಕಡೆ ಬೇಲಿಗೂ ಸೌದೆಗೂ ಕಡಿಯುವ ಮುಳ್ಳಿನ ಮರ. ಮೇಲೆ ಮುಚ್ಚಳ, ಅದರ ಹೆಸರು ಕೃಪಾಸನ. ಇಡೀ ಗುಡಾರದಲ್ಲಿ ಯಾಜಕನಿಗೆ ಕೂರಲು ಒಂದು ಪೀಠ ಇಲ್ಲ, ಅವನ ಕೆಲಸ ಮುಗಿಯುವುದೇ ಇಲ್ಲ. ಇರುವ ಆಸನ ಒಂದೇ, ಅದು ಕೃಪೆಯದು ಎಂದರು.

"ಇಷ್ಟೆಲ್ಲ ಸಾಮಾನು ಹೊತ್ಕೊಂಡು ತಿರುಗ್ತಿದ್ರಂತಾ?" ರುದ್ರಪ್ಪ ಕೇಳಿದ.

"ನಲವತ್ತು ವರ್ಷ."

ಅವನು ಕೊರಳ ಲಿಂಗ ಮುಟ್ಟಿಕೊಂಡು, "ಹೊತ್ಕೊಂಡು ತಿರುಗೋದು ನಮ್ಗೆ ಹೊಸದಲ್ಲ. ನಮ್ಮದು ಸ್ವಲ್ಪ ಹಗುರ" ಎಂದ.

ಗಂಟೆ

ಹೊರಗೆ ಬಂದಾಗ ಗೋಪುರದ ಗಂಟೆ ಹೊಡೆಯಿತು. ಹಿಲ್ಡೆ ಅಮ್ಮ ಕತ್ತೆತ್ತಿ ನಿಂತುಬಿಟ್ಟರು. ಯುದ್ಧದಲ್ಲಿ ಹಳೆಯ ಗಂಟೆಯನ್ನು ಇಳಿಸಿ ಕರಗಿಸಲು ಒಯ್ದಿದ್ದರಂತೆ. ಆಮೇಲೆ ಊರ ಹೆಂಗಸರು ಅಡುಗೆಮನೆಯ ಪಾತ್ರೆ ಕೊಟ್ಟು ಹೊಸದು ಮಾಡಿಸಿದರು. ಹಿಲ್ಡೆ ಅಮ್ಮ ತಳ್ಳುಗಾಡಿಯಲ್ಲಿ ಊರಿಂದ ತಂದಿದ್ದ ಒಂದೇ ಸಾಮಾನು, ತಾಯಿಯ ಕಂಚಿನ ಕುಟ್ಟಾಣಿ. ಅದನ್ನು ಕೊಟ್ಟರು.

"ಆಗ ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಆದರೆ ಎರಕದವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಈಗ ಗಂಟೆ ಹೊಡೆದಾಗಲೆಲ್ಲ ನನ್ನದು ಕೇಳುತ್ತದೆ."

"ಕರಗಿದ ಮೇಲೆ ಬೇರೆಯಾಗಿ ಹೇಗೆ ಕೇಳುತ್ತೆ?" ಎಂದು ರುದ್ರಪ್ಪ ಕೀಟಲೆ ಮಾಡಿದ.

"ಕೇಳುತ್ತದೆ" ಎಂದರು, ಅಷ್ಟೇ. "ಆ ದಿನದಿಂದ ಇದು ನನ್ನ ಊರು."

ಆ ಎರಕದವನೂ ನನ್ನ ಕಸುಬಿನವನೇ. ನಾನು ಗೋಪುರದ ಕಟ್ಟೆಯ ಮೇಲೆ ಕೂತುಬಿಟ್ಟೆ. ಏನಾಯಿತು ಎಂದು ರುದ್ರಪ್ಪ ಕೇಳಿದ. ಹಡಗಿನಿಂದ ಹಿಡಿದು ನುಂಗಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಅವನೂ ಬಂದು ನನ್ನ ಪಕ್ಕ ಕೂತ.

"ಆ ಮುದುಕಿ ಇವತ್ತೂ ಮುಟ್ಟಿರ್ತಾಳಲ್ಲೋ" ಎಂದ. "ನಿನಗೋಸ್ಕರ."

"ಹೇಳಿದ್ರೆ ಆ ಜೀವಕ್ಕೆ ಇದ್ದ ಒಂದು ಸಂತೋಷಾನೂ ಹೋಗುತ್ತೆ."

"ಹೇಳದೆ ಇದ್ರೆ ಉಳಿಯೋದು ಯಾರ ಸಂತೋಷ ಮಾರಾಯ, ಅವಳದೋ ನಿಂದೋ?"

ಮರಳಿ ಭದ್ರಾವತಿ

ವಾಪಸು ಬರುವಾಗ ಸಮುದ್ರ ಶಾಂತವಾಗಿತ್ತು, ನಾನು ಶಾಂತವಾಗಿರಲಿಲ್ಲ. ರಾಹೇಲಮ್ಮ ಬದುಕಿರುತ್ತಾರೋ ಇಲ್ಲವೋ ಎಂಬ ಭಯ. ಹೊರಟಾಗ ಹೆಂಡತಿಗೆಂದು ಹಿಲ್ಡೆ ಅಮ್ಮ ಒಂದು ಮೇಜಿನ ಬಟ್ಟೆ ಕೊಟ್ಟಿದ್ದರು, ಆ ಸರದಿಯ ಹಲಗೆಯನ್ನೂ ತೋರಿಸಿ "ಬೇಕಾ?" ಎಂದು ಛೇಡಿಸಿದ್ದರು.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಚೊಂಬು ಎತ್ತಿ ಹಿಡಿದು ಶಾಂತಮ್ಮನನ್ನು ಕೇಳಿದೆ: "ಇದು ನಿನಗೆ ಎಲ್ಲಿ ಸಿಕ್ತು?"

"ಅಟ್ಟದ ಮೇಲೆ, ಗೋಣೀಲಿ. ಯಾಕೆ, ಯಾರದ್ದು?"

ಹೇಳಿದೆ. ಅವಳು ಎಲೆ ಹಾಕುತ್ತಿದ್ದವಳು ಅದನ್ನು ಮಡಚಿಟ್ಟಳು. "ಮೊದ್ಲು ಅವರಿಗೆ ಹೇಳಿ ಬನ್ನಿ. ಆಮೇಲೆ ಊಟ."

ಕೂಲಿಯವರ ಸಾಲುಮನೆಯಲ್ಲಿ ಕೊನೆಯದು ರಾಹೇಲಮ್ಮನ ಮನೆ. ಬದುಕಿದ್ದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದವರು ಮೊರ ಬಿಟ್ಟು ಎದ್ದರು. "ಐಯಾ! ಸುಖವಾಗಿ ಬಂದ್ರಾ? ನಾನು ಹೇಳಿದ್ದೆ, ದಿನಾ ಮುಟ್ತೀನಿ ಅಂತ."

ನಾನು ಕುಡಿಯಲು ನೀರು ಕೇಳಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಲೋಟ ತೊಳೆದು, ಮತ್ತೆ ತೊಳೆದು, ತಂದುಕೊಟ್ಟರು. ಕುಡಿದು ಚೀಲದಿಂದ ಚೊಂಬು ತೆಗೆದು ಅವರ ಮುಂದಿಟ್ಟೆ. ಎಲ್ಲವನ್ನೂ 'ನೀವು' ಎಂದೇ ಹೇಳಿದೆ. ಅದು ಆ ಹೊತ್ತಿನಲ್ಲಿ ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ಅವರು ಹೆಬ್ಬೆರಳಿನಿಂದ ಆ ಚುಕ್ಕಿಗಳನ್ನು ಒಂದೊಂದಾಗಿ ಸವರಿದರು.

"ನಮ್ಮಮ್ಮನ ಹೆಸರು ಇದು. ಮದ್ವೆಗೆ ಕೊಟ್ಟಿದ್ದು." ಸ್ವಲ್ಪ ತಡೆದು, "ಹಂಗಾದ್ರೆ ಇಷ್ಟು ವರ್ಷ ನಾನು ಯಾರ ಪಾತ್ರೆ ಮುಟ್ಕೊಂಡು ಅಳ್ತಿದ್ದೆ?"

"ಗೊತ್ತಿಲ್ಲಮ್ಮ. ಎಲ್ಲಾರದ್ದೂ ಸೇರಿ ಕರಗಿದೆ."

"ಎಲ್ಲಾರದ್ದೂ ಅನ್ಬೇಡಿ" ಎಂದರು. ಚೊಂಬು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕಿಯ ಮೊರ ಹೊರಗೇ ಇತ್ತು.

ಭಾನುವಾರ ಸಭೆಯ ಮುಂದೆ ನಿಂತು ಎಲ್ಲ ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಕೆಲವರು, ಇದನ್ನೆಲ್ಲ ಎದ್ದು ಹೇಳಬೇಕಿತ್ತೇ ಎಂಬಂತೆ ನೋಡಿದರು. ರಾಹೇಲಮ್ಮ ಬಂದಿರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಗಂಗಾಳವನ್ನು ಒಡೆದು ಆ ಚೊಂಬು ಸೇರಿಸಿ ಮತ್ತೆ ಎರಕ ಹುಯ್ಯುತ್ತೇನೆ ಎಂದು ಪಾದ್ರಿಗಳಿಗೆ ಹೇಳಿದೆ. "ಚೊಂಬು ಯಾರದೋ ಅವರನ್ನು ಕೇಳಿ" ಎಂದರು. ಕೇಳಲು ಹೋದರೆ ಬಾಗಿಲು ತೆರೆಯಲಿಲ್ಲ. ಗಂಗಾಳದ ಅಂಚಿನ ಆ ಹೊಳಪು ವಾರ ವಾರ ಮಂಕಾಗುತ್ತ ಬಂತು. ನಾನು ಪ್ರತಿ ಭಾನುವಾರ ಅದನ್ನೇ ನೋಡುತ್ತ ಕೂರುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ, ಕಾರ್ಖಾನೆಯ ಒಬ್ಬ ಕೆಲಸಗಾರನ ಕೂಸಿಗೆ ದೀಕ್ಷಾಸ್ನಾನ. ಗಂಗಾಳ ಬರಿದಾಗಿತ್ತು, ನೀರು ತರಲು ಯಾರೋ ಬಕೆಟ್ಟು ಹುಡುಕುತ್ತಿದ್ದರು. ಆಗ ಬಾಗಿಲಲ್ಲಿ ರಾಹೇಲಮ್ಮ. ಸೊಂಟದ ಮೇಲೆ ಆ ಚೊಂಬು, ಬೆಳಗಿ ಬಂಗಾರದ ಹಾಗೆ ಮಾಡಿದ್ದರು, ತುಂಬ ನೀರು. ಸೀದಾ ನನ್ನ ಹತ್ತಿರ ಬಂದರು.

"ಮೇಸ್ತ್ರಿಗಳೇ, ಕರಗಿಸ್ತೀನಿ ಅಂದ್ರಂತೆ. ಅದೆಲ್ಲ ಬೇಡ. ನಿಮ್ಮ ಕೈಗೆ ಒಂದ್ಸಲ ಕೊಟ್ಟು ನೋಡಿದೀನಿ."

ಹಿಂದೆ ಯಾರೋ ಕಿಸಕ್ಕೆಂದರು. ಶಾಂತಮ್ಮನೇ ಇರಬೇಕು.

"ಗಂಗಾಳ ಇದ್ರೆ ಆಯ್ತಾ? ನೀರು ಯಾರು ಹುಯ್ತಾರೆ? ಇನ್ಮೇಲೆ ಈ ಚೊಂಬಿಂದಾನೇ ಹುಯ್ಯೋದು. ಕೈ ಚಾಚಿ ಮೊದ್ಲು."

ಚಾಚಿದೆ. ಎರಕದ ಕಿಡಿ ಹಾರಿ ಹಾರಿ ಸುಟ್ಟ ಕೈ. ಅವರು ಹುಯ್ದರು. ನೀರು ಮೊಣಕೈಗೆ ಇಳಿಯಿತು, ಅಂಗಿ ನೆನೆಯಿತು, ಪಂಚೆ ನೆನೆಯಿತು.

"ಸಾಕಮ್ಮ" ಎಂದೆ.

"ಸಾಕು ಅನ್ನೋಕೆ ನೀವ್ಯಾರು?" ಎಂದರು. ಚೊಂಬು ಪೂರ್ತಿ ಬರಿದಾದ ಮೇಲೆ ಅದನ್ನು ನನ್ನ ಕೈಗಿಟ್ಟರು. "ಹೋಗಿ ತುಂಬ್ಕೊಂಡು ಬನ್ನಿ. ಕೂಸು ಕಾಯ್ತಾ ಐತೆ."

ಹೊರಗಿನ ನಲ್ಲಿಗೆ ಹೋಗಿ ತುಂಬಿ ತಂದೆ. ಅವರು ತೆಗೆದುಕೊಂಡು ಗಂಗಾಳಕ್ಕೆ ಹುಯ್ದು, ಎಷ್ಟು ಬೇಕು ಎಂಬಂತೆ ಪಾದ್ರಿಗಳ ಕಡೆ ನೋಡಿದರು. ಪಾದ್ರಿಗಳು ಅಳತೆ ಹೇಳಲಿಲ್ಲ, ನಕ್ಕರು. ರಾಹೇಲಮ್ಮನ ಕೈ ರೂಢಿಯಂತೆ ಅಂಚಿನ ಹಳೆಯ ಜಾಗಕ್ಕೆ ಹೋಯಿತು, ಅಲ್ಲಿ ನಿಂತಿತು, ಆಮೇಲೆ ಒಳಗಿಳಿದು ನೀರನ್ನು ಮುಟ್ಟಿತು.

"ಇನ್ನೊಂದು ಚೊಂಬು ತನ್ನಿ" ಎಂದರು.

ತಂದೆ.